ಡೆಸ್ಕ್‌ಟಾಪ್ ತಂತ್ರಾಂಶಗಳ ಜಾಲರೂಪದ ಮುಖಭಾಗ: ಅದರ ನಿರ್ಮಾಣವೂ ಪ್ರವರ್ತನವೂ

೧. ಪ್ರಸ್ತಾವ

ಶಾಸ್ತ್ರಗ್ರಂಥಗಳ ಆದಿಯಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ನಿರ್ದೇಶಿಸುವುದು ಪೂರ್ವಾಚಾರ್ಯರ ಸಂಪ್ರದಾಯವಷ್ಟೆ. ಪ್ರಕೃತದಲ್ಲಿ ವಿಷಯವೆಂದರೆ, ಗಣಕಯಂತ್ರದಲ್ಲಿ ತನ್ನದೇ ಆದ ಕಿಟಕಿಯೊಂದನ್ನು ತೆರೆದುಕೊಂಡು ಸ್ವತಂತ್ರವಾಗಿ ನಡೆಯುವಂತೆ ಕಾಣುತ್ತಿದ್ದರೂ, ಒಳಗೆ ಜಾಲಪುಟದ ಸಾಮಗ್ರಿಯಿಂದಲೇ ಕಟ್ಟಲ್ಪಟ್ಟಿರುವ ಡೆಸ್ಕ್‌ಟಾಪ್ ತಂತ್ರಾಂಶಗಳ ಮುಖಭಾಗವು. ಇದನ್ನು ಕಟ್ಟುವವರು ಫ್ರಂಟ್‌ಎಂಡ್ ಎಂದು ಕರೆಯುತ್ತಾರೆ. ಅಧಿಕಾರಿಗಳಾದರೋ ಕಟ್ಟುವ ಶಿಲ್ಪಿಗಳಲ್ಲ. ಅಂತಹ ತಂತ್ರಾಂಶಗಳಲ್ಲಿ ಗ್ರಂಥಸಂಪಾದನೆ, ಪದಸಂಗ್ರಹ, ಟಿಪ್ಪಣಿರಚನೆ ಮೊದಲಾದ ಕಾರ್ಯಗಳನ್ನು ನಡೆಸುವ ವಿದ್ವಾಂಸರೂ ಸಾಹಿತ್ಯಾಧ್ಯಾಪಕರೂ ಆಗಿದ್ದಾರೆ.

ಶಿಲ್ಪಿಗಳ ವಿದ್ಯೆಯಿಂದ ಇವರಿಗೆ ಆಗಬೇಕಾದುದೇನು ಎಂಬ ಪ್ರಶ್ನೆಯು ಏಳಬಹುದು. ಓಲೆಯ ಗ್ರಂಥಗಳ ಕಾಲದಲ್ಲಿ ಪಂಡಿತನು ಓಲೆಯನ್ನು ಹದಮಾಡುವ ಬಗೆಯನ್ನೂ, ಕಂಟದಿಂದ ಕೊರೆದ ಅಕ್ಷರಕ್ಕೆ ಮಸಿ ತುಂಬುವ ಬಗೆಯನ್ನೂ, ಹುಳು ಎಲ್ಲಿಂದ ಹೊಗುವುದೆಂಬುದನ್ನೂ ಬಲ್ಲವನಾಗಿದ್ದನು. ಬಲ್ಲವನಾದುದರಿಂದಲೇ ಗ್ರಂಥಗಳು ಉಳಿದುವು. ಈಗ ಹತ್ತಾರು ವರ್ಷಗಳ ಪರಿಶ್ರಮವು ಗಣಕಯಂತ್ರದ ಕಡತಗಳಲ್ಲಿ ಅಡಗಿರುವಾಗ, ಪರದೆಯ ಮೇಲೆ ಕಾಣುವುದು ಯಾವುದು, ನಿಜವಾಗಿ ಉಳಿಯುವುದು ಯಾವುದು, ಇವೆರಡರ ನಡುವಣ ಬಾಗಿಲನ್ನು ಕಾಯುವವರು ಯಾರು ಎಂಬ ಮೂರು ಸಂಗತಿಗಳನ್ನು ತಿಳಿಯದೆ ಇರುವುದು ಕ್ಷೇಮವಲ್ಲ. ಇದೇ ಪ್ರಯೋಜನವು.

೨. ರಂಗ ಮತ್ತು ನೇಪಥ್ಯ

ನಾಟಕಶಾಲೆಯಲ್ಲಿ ಪ್ರೇಕ್ಷಕರ ಕಣ್ಣಿಗೆ ಬೀಳುವುದು ರಂಗ. ತೆರೆಯ ಹಿಂದೆ ಇರುವುದು ನೇಪಥ್ಯ. ತಂತ್ರಾಂಶದಲ್ಲಿಯೂ ಈ ವಿಭಾಗವುಂಟು. ಉದಾಹರಣೆಗಾಗಿ, ಒಂದು ಕಾವ್ಯದ ಹಸ್ತಪ್ರತಿಗಳ ಪಾಠಾಂತರಗಳನ್ನು ಕೂಡಿಸಿಡುವ ತಂತ್ರಾಂಶವೊಂದನ್ನು ಕಲ್ಪಿಸಿಕೊಳ್ಳಬಹುದು. ಕಿಟಕಿಯ ಎಡಗಡೆ ಅಂಗೀಕೃತ ಪಾಠವೂ ಬಲಗಡೆ ಕ, ಖ, ಗ ಎಂಬ ಪ್ರತಿಗಳ ಪಾಠಾಂತರಗಳೂ, ಮೇಲ್ಗಡೆ ಹುಡುಕುವ ಸ್ಥಳವೂ ಇರುವುವು. ಇವೆಲ್ಲವೂ ರಂಗ, ಎಂದರೆ ಮುಖಭಾಗ. ಕಡತವನ್ನು ತೆರೆದು ಓದುವುದು, ತಿದ್ದಿದುದನ್ನು ಮತ್ತೆ ಬರೆದಿಡುವುದು, ಮುದ್ರಣಯಂತ್ರಕ್ಕೆ ಕಳುಹಿಸುವುದು ಇವು ನೇಪಥ್ಯದ ಕಾರ್ಯಗಳು; ಇದಕ್ಕೆ ಬ್ಯಾಕ್‌ಎಂಡ್ ಎಂದು ಹೆಸರು.

ಮುಖಭಾಗವನ್ನು ಜಾಲರೂಪದಲ್ಲಿ ರಚಿಸುವುದೆಂದರೆ ಮೂರು ಭಾಷೆಗಳಿಂದ ರಚಿಸುವುದೆಂದರ್ಥ. ಮೊದಲನೆಯದು ಎಚ್.ಟಿ.ಎಂ.ಎಲ್.; ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು ೧೯೮೯ರಲ್ಲಿ ಜಾಲದ ಯೋಜನೆಯನ್ನು ಮುಂದಿಟ್ಟ ಬಳಿಕ ರೂಪುಗೊಂಡುದು. ಶೀರ್ಷಿಕೆ, ಪರಿಚ್ಛೇದ, ಪಟ್ಟಿ ಮುಂತಾದ ಅಂಗವಿಭಾಗವನ್ನು ಇದು ಹೇಳುತ್ತದೆ. ಎರಡನೆಯದು ೧೯೯೬ರಲ್ಲಿ ಪ್ರಮಾಣೀಕೃತವಾದ ಸಿ.ಎಸ್.ಎಸ್.; ಅಕ್ಷರದ ಗಾತ್ರ, ಬಣ್ಣ, ಅಂಚು ಮೊದಲಾದ ಅಲಂಕಾರವು ಇದರದು. ಮೂರನೆಯದು ೧೯೯೫ರಲ್ಲಿ ಬ್ರೆಂಡನ್ ಐಕ್ ಅವರು ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ರಚಿಸಿದ ಜಾವಾಸ್ಕ್ರಿಪ್ಟ್. ಗುಂಡಿಯನ್ನು ಒತ್ತಿದಾಗ ಆಗಬೇಕಾದ ಚೇಷ್ಟೆಯನ್ನು ಇದು ವಿಧಿಸುತ್ತದೆ. ಹೀಗೆ ಶರೀರ, ಭೂಷಣ, ಚೇಷ್ಟೆ ಎಂದು ಮೂರು ಅಂಗಗಳು.

ಇಲ್ಲಿ ಒಂದು ವಿಶೇಷವನ್ನು ಗಮನಿಸತಕ್ಕದ್ದು. ಸಾಮಾನ್ಯ ಬ್ರೌಸರಿನಲ್ಲಿ ತೆರೆದ ಜಾಲಪುಟಕ್ಕೆ, ಓದುವವನು ತಾನಾಗಿ ಆರಿಸಿ ಒಪ್ಪಿಸಿದ ಹೊರತು, ಅವನ ಗಣಕಯಂತ್ರದ ಕಡತಗಳನ್ನು ಮುಟ್ಟುವ ಅಧಿಕಾರವಿಲ್ಲ. ಪುಟವು ಅಪರಿಚಿತನಿಂದ ಬಂದ ಅತಿಥಿ. ಅತಿಥಿಗೆ ಜಗಲಿಯಲ್ಲಿ ಮಣೆಯುಂಟೇ ಹೊರತು ಉಗ್ರಾಣದ ಬೀಗದ ಕೈ ಇಲ್ಲ. ಆದರೆ ಡೆಸ್ಕ್‌ಟಾಪ್ ತಂತ್ರಾಂಶವು ಕಡತಗಳನ್ನು ಮುಟ್ಟದೆ ಕೆಲಸಕ್ಕೆ ಬಾರದು. ಆದುದರಿಂದ ಜಾಲಪುಟವೊಂದು, ಅದರ ಪರವಾಗಿ ಉಗ್ರಾಣಕ್ಕೆ ಹೋಗಿಬರುವ ಅಧಿಕಾರವುಳ್ಳ ಪರಿಚಾರಕನೊಬ್ಬನು, ಇವರಿಬ್ಬರು ಕೂಡಿದುದೇ ಈ ಬಗೆಯ ತಂತ್ರಾಂಶದ ಲಕ್ಷಣವೆಂದು ಹೇಳಬಹುದು. ಮುಂದೆ ಹೇಳುವ ಗುಣಗಳೂ ದೋಷಗಳೂ ಬಹುಮಟ್ಟಿಗೆ ಈ ಲಕ್ಷಣದಿಂದಲೇ ಹುಟ್ಟಿದುವು.

ಇದು ನಿನ್ನೆಮೊನ್ನೆಯ ಕಲ್ಪನೆಯೂ ಅಲ್ಲ. ೧೯೯೯ರಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ಐದನೆಯ ಆವೃತ್ತಿಯಲ್ಲಿ ಎಚ್.ಟಿ.ಎಂ.ಎಲ್. ಪುಟವನ್ನೇ ಸ್ವತಂತ್ರ ತಂತ್ರಾಂಶದಂತೆ ನಡೆಯಿಸುವ ಅನುಕೂಲವಿತ್ತು. ವಿದ್ವಾಂಸರು ಗ್ರಂಥಸೂಚಿಗಾಗಿ ಬಳಸುವ ಜೊಟೆರೊ ಎಂಬುದು, ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾನಿಲಯದಲ್ಲಿ ೨೦೦೬ರಲ್ಲಿ ಫೈರ್‌ಫಾಕ್ಸ್ ಬ್ರೌಸರಿನ ಅಂಗವಾಗಿ ಹುಟ್ಟಿ, ಅನಂತರ ಅದೇ ಬ್ರೌಸರಿನ ತಳಹದಿಯ ಮೇಲೆ ಸ್ವತಂತ್ರ ತಂತ್ರಾಂಶವಾಯಿತು.

೩. ಆಕ್ಷೇಪವೂ ಸಮಾಧಾನವೂ

ಇಲ್ಲಿ ಪೂರ್ವಪಕ್ಷವು ಹೀಗೆ ಹೇಳುವುದು: ಪ್ರತಿಯೊಂದು ಗಣಕವ್ಯವಸ್ಥೆಗೂ ತನ್ನದೇ ಆದ ಕಿಟಕಿ, ಗುಂಡಿ, ಪಟ್ಟಿಗಳನ್ನು ರಚಿಸುವ ಸಾಧನಗಳಿವೆ, ಅವುಗಳಿಂದ ಕಟ್ಟಿದ ತಂತ್ರಾಂಶವು ಹಗುರವೂ ಶೀಘ್ರವೂ ಆಗಿರುತ್ತದೆ, ಹೀಗಿರಲಾಗಿ ಜಾಲಪುಟವನ್ನು ತಂದು ಮನೆಯೊಳಗೆ ಕೂರಿಸುವುದು ಗುಬ್ಬಿಗೆ ಬ್ರಹ್ಮಾಸ್ತ್ರವನ್ನು ಹೂಡಿದಂತಲ್ಲವೇ?

ಇದಕ್ಕೆ ಸಮಾಧಾನವು: ಆಕ್ಷೇಪವು ಸುಳ್ಳಲ್ಲ, ಆದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಎಂಬ ಮೂರು ವ್ಯವಸ್ಥೆಗಳಿಗೆ ಮೂರು ಸಾರಿ ಒಂದೇ ಮುಖಭಾಗವನ್ನು ಬರೆಯುವುದು ಅಲ್ಪಬಲರಾದ ಸಂಸ್ಥೆಗಳಿಗೆ ಸಾಧ್ಯವಾಗದು. ಜಾಲದ ಮೂರು ಭಾಷೆಗಳು ಎಲ್ಲೆಡೆಯೂ ಸಮಾನ. ಒಮ್ಮೆ ಬರೆದುದು ಮೂರು ಕಡೆಯೂ, ಬೇಕಾದರೆ ಸಾಮಾನ್ಯ ಬ್ರೌಸರಿನಲ್ಲಿಯೂ ನಡೆಯಬಲ್ಲದು. ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೫ರ ಏಪ್ರಿಲಿನಲ್ಲಿ ಪ್ರಕಟಿಸಿದ ವಿಷುಯಲ್ ಸ್ಟುಡಿಯೋ ಕೋಡ್ ಎಂಬ ಬರೆವಣಿಗೆಯ ತಂತ್ರಾಂಶವು ಮೊದಲು ಡೆಸ್ಕ್‌ಟಾಪಿನಲ್ಲಿ ನಡೆಯುತ್ತಿದ್ದು, ೨೦೨೧ರಲ್ಲಿ ಬಹುಪಾಲು ಅದೇ ಮುಖಭಾಗದೊಡನೆ ಬ್ರೌಸರಿನಲ್ಲಿಯೂ ದೊರೆಯುವಂತಾದುದು ಇದಕ್ಕೆ ನಿದರ್ಶನ.

ಈ ಕಾರ್ಯಕ್ಕೆ ಈಗ ಪ್ರಸಿದ್ಧವಾಗಿರುವ ಮಾರ್ಗಗಳು ಎರಡು. ಒಂದನೆಯದು ಎಲೆಕ್ಟ್ರಾನ್ ಮಾರ್ಗ. ಗಿಟ್‌ಹಬ್ ಸಂಸ್ಥೆಯವರು ಆಟಮ್ ಎಂಬ ತಮ್ಮ ತಂತ್ರಾಂಶಕ್ಕಾಗಿ ೨೦೧೩ರಲ್ಲಿ ಆರಂಭಿಸಿ, ೨೦೧೫ರಲ್ಲಿ ಎಲೆಕ್ಟ್ರಾನ್ ಎಂದು ಹೆಸರಿಟ್ಟರು. ಇದರಲ್ಲಿ ಕ್ರೋಮಿಯಮ್ ಎಂಬ ಬ್ರೌಸರಿನ ಯಂತ್ರವೂ ನೋಡ್ ಎಂಬ ಪರಿಚಾರಕವೂ ಸಂಪೂರ್ಣವಾಗಿ ತಂತ್ರಾಂಶದೊಡನೆಯೇ ಬರುತ್ತವೆ. ಯಾತ್ರಿಕನು ತನ್ನ ಅಡಿಗೆಯ ಪಾತ್ರೆಗಳನ್ನೂ ಅಡಿಗೆಯವನನ್ನೂ ಜೊತೆಯಲ್ಲಿಯೇ ಕರೆದೊಯ್ದಂತೆ ಇದು; ಎಲ್ಲಿಗೆ ಹೋದರೂ ರುಚಿಯು ಒಂದೇ, ಆದರೆ ಹೊರೆಯು ಹೆಚ್ಚು. ಬರಿಯ ಒಂದು ವಾಕ್ಯವನ್ನು ತೋರಿಸುವ ತಂತ್ರಾಂಶವೂ ನೂರು ಮೆಗಾಬೈಟಿಗೆ ಮೀರಿದ ಸ್ಥಳವನ್ನು ಹಿಡಿಯುವುದುಂಟು.

ಎರಡನೆಯದು ಟೌರಿ ಮಾರ್ಗ. ಇದರ ಪರಿಚಾರಕವು ರಸ್ಟ್ ಎಂಬ ಭಾಷೆಯಲ್ಲಿ ರಚಿತವಾದುದು. ಮೊದಲನೆಯ ಸ್ಥಿರ ಆವೃತ್ತಿಯು ೨೦೨೨ರಲ್ಲಿಯೂ ಎರಡನೆಯದು ೨೦೨೪ರಲ್ಲಿಯೂ ಹೊರಬಂದುವು. ಇದು ಬ್ರೌಸರಿನ ಯಂತ್ರವನ್ನು ಹೊತ್ತು ತಾರದೆ, ಆಯಾ ವ್ಯವಸ್ಥೆಯಲ್ಲಿ ಮೊದಲೇ ಇರುವುದನ್ನು ಬಳಸಿಕೊಳ್ಳುತ್ತದೆ: ವಿಂಡೋಸಿನಲ್ಲಿ ವೆಬ್‌ವ್ಯೂ ೨, ಮ್ಯಾಕಿನಲ್ಲಿ ಡಬ್ಲ್ಯೂಕೆ ವೆಬ್‌ವ್ಯೂ, ಲಿನಕ್ಸಿನಲ್ಲಿ ವೆಬ್‌ಕಿಟ್ ಜಿ.ಟಿ.ಕೆ. ಯಾತ್ರಿಕನು ಹೋದ ಊರಿನ ಛತ್ರದಲ್ಲಿಯೇ ಊಟಮಾಡಿದಂತೆ ಇದು. ಹೊರೆಯು ಕಡಮೆ, ರುಚಿಯು ಊರಿಗೊಂದು. ಇವೆರಡರಲ್ಲಿ ಯಾವುದು ಶ್ರೇಷ್ಠವೆಂದು ಏಕಾಂತವಾಗಿ ಹೇಳಲಾಗದು. ಏನು ಬೇಕೆಂಬುದನ್ನು ಅನುಸರಿಸಿ ಆರಿಸಿಕೊಳ್ಳತಕ್ಕದ್ದು.

೪. ನಿರ್ಮಾಣ

ಮುಖಭಾಗವನ್ನು ಶಿಲ್ಪಿಯು ಬರೆದ ರೂಪವೇ ಬೇರೆ, ಬಳಸುವವನ ಕೈಗೆ ಬರುವ ರೂಪವೇ ಬೇರೆ. ಮೊದಲನೆಯದರಿಂದ ಎರಡನೆಯದನ್ನು ಸಾಧಿಸುವ ಪ್ರಕ್ರಿಯೆಗೆ ಬಿಲ್ಡ್, ಎಂದರೆ ನಿರ್ಮಾಣ, ಎಂದು ಹೆಸರು. ವೈಯಾಕರಣರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ಕೃ ಧಾತುವಿಗೆ ಕ್ತ ಪ್ರತ್ಯಯವು ಬಂದಾಗ, ಅದರ ಕಕಾರವು ಇತ್ಸಂಜ್ಞೆಯನ್ನು ಪಡೆದು, ಗುಣವು ಆಗಕೂಡದೆಂಬ ಸೂಚನೆಯನ್ನು ಪ್ರಕ್ರಿಯೆಗೆ ಕೊಟ್ಟು, ತಾನು ಲೋಪಹೊಂದುತ್ತದೆ. ಲೋಕದಲ್ಲಿ ಕೇಳಿಸುವುದು ಕೃತ ಎಂಬ ಪದವಷ್ಟೆ. ಆ ಕಕಾರವು ಪ್ರಯೋಗದಲ್ಲಿ ಇಲ್ಲ; ಆದರೂ ಅದಿಲ್ಲದೆ ಸರಿಯಾದ ರೂಪವು ಸಿದ್ಧಿಸದು.

ಇಂದಿನ ಮುಖಭಾಗಗಳನ್ನು ಬಹುಮಟ್ಟಿಗೆ ಟೈಪ್‌ಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆಯುತ್ತಾರೆ. ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೨ರಲ್ಲಿ ಇದನ್ನು ಪ್ರಕಟಿಸಿತು. ಜಾವಾಸ್ಕ್ರಿಪ್ಟಿಗೆ, ಇದು ಸಂಖ್ಯೆ, ಇದು ವಾಕ್ಯ, ಇದು ಪಾಠಾಂತರಗಳ ಪಟ್ಟಿ ಎಂಬ ಜಾತಿಸೂಚನೆಗಳನ್ನು ಸೇರಿಸಿದರೆ ಟೈಪ್‌ಸ್ಕ್ರಿಪ್ಟ್ ಆಗುತ್ತದೆ. ಬ್ರೌಸರು ಈ ಸೂಚನೆಗಳನ್ನು ನೇರವಾಗಿ ಗ್ರಹಿಸಲಾರದು. ನಿರ್ಮಾಣಕಾಲದಲ್ಲಿ ಅವು ಇತ್ಸಂಜ್ಞಕ ವರ್ಣಗಳಂತೆ ತಮ್ಮ ಕಾರ್ಯವನ್ನು ಮುಗಿಸಿ ಲೋಪಹೊಂದುತ್ತವೆ. ಇಲ್ಲಿ ಒಂದು ಎಚ್ಚರಿಕೆಯುಂಟು. ೨೦೨೦ರಲ್ಲಿ ಎವನ್ ಯೂ ಅವರು ಆರಂಭಿಸಿದ ವೀಟ್ ಎಂಬ ನಿರ್ಮಾಣಸಾಧನವು ವೇಗದ ನಿಮಿತ್ತವಾಗಿ ಸೂಚನೆಗಳನ್ನು ಲೋಪಮಾಡುವುದೇ ಹೊರತು ಅವು ಒಂದಕ್ಕೊಂದು ಒಪ್ಪುತ್ತವೆಯೇ ಎಂದು ಪರೀಕ್ಷಿಸುವುದಿಲ್ಲ. ಆ ಪರೀಕ್ಷೆಯನ್ನು ಟೈಪ್‌ಸ್ಕ್ರಿಪ್ಟಿನ ಸ್ವಂತ ಸಾಧನದಿಂದ ಬೇರೆಯಾಗಿ ನಡೆಸತಕ್ಕದ್ದು. ಇದನ್ನು ಬಿಟ್ಟರೆ, ದೋಷಗಳು ಇದ್ದ ಹಾಗೆಯೇ ಉಳಿದು, ನಿರ್ಮಾಣವು ಮಾತ್ರ ನಿರ್ವಿಘ್ನವಾಗಿ ಮುಗಿದಂತೆ ತೋರುವುದು.

ಜಾತಿಸೂಚನೆಗಳ ಲೋಪವಲ್ಲದೆ ನಿರ್ಮಾಣದಲ್ಲಿ ಮತ್ತೆ ಕೆಲವು ಸಂಸ್ಕಾರಗಳುಂಟು. ನೂರಾರು ಕಡತಗಳಲ್ಲಿ ಹರಡಿದ ಬರೆಹವನ್ನು ಕೆಲವೇ ಕಡತಗಳಾಗಿ ಕೂಡಿಸುವುದು, ಎಲ್ಲಿಯೂ ಉಪಯೋಗಕ್ಕೆ ಬಾರದ ಭಾಗಗಳನ್ನು ತೆಗೆದುಹಾಕುವುದು, ದೀರ್ಘವಾದ ಹೆಸರುಗಳನ್ನು ಹ್ರಸ್ವಗೊಳಿಸುವುದು, ಚಿತ್ರಗಳನ್ನೂ ಅಕ್ಷರವಿನ್ಯಾಸಗಳನ್ನೂ ಜೊತೆಗಿಡುವುದು ಇವು ಮುಖ್ಯವಾದುವು. ಇವೆಲ್ಲವೂ ಆದಮೇಲೆ ಸಾಮಾನ್ಯವಾಗಿ ಡಿಸ್ಟ್ ಎಂಬ ಹೆಸರಿನ ಒಂದು ಚೀಲದಲ್ಲಿ ಸಿದ್ಧರೂಪವು ಬಂದು ಸೇರುತ್ತದೆ. ಎಲೆಕ್ಟ್ರಾನ್ ಆಗಲಿ ಟೌರಿಯಾಗಲಿ ಈ ಚೀಲವನ್ನೇ ತೆಗೆದುಕೊಂಡು ತಂತ್ರಾಂಶದೊಳಗೆ ಇಡುವುದು. ಆದುದರಿಂದ ಮುಖಭಾಗದ ನಿರ್ಮಾಣವು ಮುಗಿಯದೆ ಇಡೀ ತಂತ್ರಾಂಶದ ನಿರ್ಮಾಣಕ್ಕೆ ಕೈಹಾಕಿದರೆ, ಹೊಸ ಪರಿಚಾರಕನೂ ಹಳೆಯ ರಂಗವೂ ಕೂಡಿಕೊಂಡು ವಿಚಿತ್ರವಾದ ದೋಷಗಳು ಹುಟ್ಟುವುವು. ಈ ಕ್ರಮಭಂಗವನ್ನು ತಪ್ಪಿಸಲೆಂದೇ ಟೌರಿಯಲ್ಲಿ, ತಂತ್ರಾಂಶವನ್ನು ಕಟ್ಟುವುದಕ್ಕೆ ಮುಂಚೆ ಮುಖಭಾಗವನ್ನು ಕಟ್ಟುವ ಆಜ್ಞೆಯು ಯಾವುದೆಂದು ಬರೆದಿಡಲು ಸ್ಥಾನವನ್ನು ಕಲ್ಪಿಸಿದ್ದಾರೆ.

ಇನ್ನು ಆಶ್ರಿತ ಸಾಮಗ್ರಿಯ ವಿಚಾರ. ಯಾವ ಶಿಲ್ಪಿಯೂ ಎಲ್ಲವನ್ನೂ ತಾನೇ ಬರೆಯುವುದಿಲ್ಲ. ೨೦೧೦ರಲ್ಲಿ ಆರಂಭವಾದ ಎನ್.ಪಿ.ಎಂ. ಎಂಬ ಭಂಡಾರದಿಂದ ಅನ್ಯರು ಬರೆದ ಪ್ಯಾಕೇಜುಗಳನ್ನು ತಂದುಕೊಳ್ಳುತ್ತಾನೆ; ಆ ಪ್ಯಾಕೇಜುಗಳು ಬೇರೆ ಪ್ಯಾಕೇಜುಗಳನ್ನು ಆಶ್ರಯಿಸಿರುತ್ತವೆ. ಗ್ರಂಥಸಂಪಾದಕರು ಹಸ್ತಪ್ರತಿಗಳಲ್ಲಿ ಲೋಪ, ಪ್ರಕ್ಷೇಪ ಎಂಬ ಎರಡು ದೋಷಗಳನ್ನು ಹುಡುಕುವಂತೆ ಇಲ್ಲಿಯೂ ಎರಡನ್ನು ಶಂಕಿಸತಕ್ಕದ್ದು. ಲೋಪಕ್ಕೆ ಉದಾಹರಣೆಯು ೨೦೧೬ರ ಮಾರ್ಚಿಯಲ್ಲಿ ನಡೆದುದು: ವಾಕ್ಯದ ಎಡಗಡೆ ತೆರಪನ್ನು ತುಂಬುವ ಲೆಫ್ಟ್-ಪ್ಯಾಡ್ ಎಂಬ ಹನ್ನೊಂದು ಸಾಲಿನ ಪ್ಯಾಕೇಜನ್ನು ಅದರ ಕರ್ತೃವು ಭಂಡಾರದಿಂದ ಹಿಂದೆಗೆದುಕೊಂಡ ಕೂಡಲೇ, ಅದನ್ನು ಪರಂಪರೆಯಿಂದ ಆಶ್ರಯಿಸಿದ್ದ ಅಸಂಖ್ಯಾತ ತಂತ್ರಾಂಶಗಳ ನಿರ್ಮಾಣವು ನಿಂತುಹೋಯಿತು, ಭಂಡಾರದವರು ಅದನ್ನು ಮರಳಿ ಸ್ಥಾಪಿಸಬೇಕಾಯಿತು. ಪ್ರಕ್ಷೇಪಕ್ಕೆ ಉದಾಹರಣೆಯು ೨೦೧೮ರದು: ಈವೆಂಟ್-ಸ್ಟ್ರೀಮ್ ಎಂಬ ಬಹುಜನಪರಿಗೃಹೀತವಾದ ಪ್ಯಾಕೇಜಿನ ಪಾಲನೆಯು ಮೂಲಕರ್ತೃವಿನಿಂದ ಮತ್ತೊಬ್ಬರಿಗೆ ಸೇರಿದಮೇಲೆ, ಬಿಟ್‌ಕಾಯಿನ್ ಧನವನ್ನು ಕದಿಯುವ ಉದ್ದೇಶದ ಬರೆಹವು ಅದರ ಆಶ್ರಿತ ಪ್ಯಾಕೇಜೊಂದರ ಮೂಲಕ ಒಳಹೊಕ್ಕಿತು.

ಇವುಗಳಿಗೆ ಪರಿಹಾರವಾಗಿ ಲಾಕ್ ಕಡತವೆಂಬುದುಂಟು. ಯಾವ ಪ್ಯಾಕೇಜಿನ ಯಾವ ಆವೃತ್ತಿಯನ್ನು ಸ್ವೀಕರಿಸಿದೆ ಎಂಬುದನ್ನೂ, ಅದರ ಅಖಂಡತೆಯನ್ನು ಪರೀಕ್ಷಿಸುವ ಗುರುತನ್ನೂ ಇದರಲ್ಲಿ ಬರೆದಿಟ್ಟಿರುತ್ತದೆ; ಎನ್.ಪಿ.ಎಂ.ನಲ್ಲಿ ಇದು ೨೦೧೭ರಿಂದ ತಾನಾಗಿಯೇ ರಚಿತವಾಗುತ್ತದೆ. ‘ಎನ್.ಪಿ.ಎಂ. ಇನ್‌ಸ್ಟಾಲ್’ ಎಂಬ ಆಜ್ಞೆಯು ಕೆಲವೊಮ್ಮೆ ಈ ಕಡತವನ್ನು ತಿದ್ದುವುದುಂಟು, ‘ಎನ್.ಪಿ.ಎಂ. ಸಿ.ಐ.’ ಎಂಬ ಆಜ್ಞೆಯಾದರೋ ಅದರಲ್ಲಿರುವುದನ್ನು ಮಾತ್ರ ತರುತ್ತದೆ, ಹೊಂದದಿದ್ದರೆ ನಿಂತುಬಿಡುತ್ತದೆ. ಬಿಡುಗಡೆಗಾಗಿ ಮಾಡುವ ನಿರ್ಮಾಣದಲ್ಲಿ ಎರಡನೆಯದೇ ಗ್ರಾಹ್ಯ. ಪಾಠನಿರ್ಣಯವಾದ ಪ್ರತಿಯಿಂದಲೇ ಮುದ್ರಿಸಬೇಕೇ ಹೊರತು, ಅಚ್ಚಿನ ಮನೆಯಲ್ಲಿ ಹೊಸ ಪಾಠವನ್ನು ಸ್ವೀಕರಿಸಕೂಡದಷ್ಟೆ.

೫. ಪ್ರವರ್ತನ

ಪ್ರವರ್ತನವೆಂದರೆ ನಡೆಯಿಸುವುದು. ಇದು ಅಭ್ಯಾಸಕಾಲದ್ದು, ಪ್ರಯೋಗಕಾಲದ್ದು ಎಂದು ಎರಡು ಬಗೆ. ಅಭ್ಯಾಸಕಾಲದಲ್ಲಿ ಶಿಲ್ಪಿಯು ‘ಎನ್.ಪಿ.ಎಂ. ರನ್ ಡೆವ್’ ಎಂಬಂತಹ ಆಜ್ಞೆಯನ್ನು ಕೊಡುತ್ತಾನೆ. ಆಗ ಅವನ ಗಣಕಯಂತ್ರದಲ್ಲಿಯೇ ಒಂದು ಚಿಕ್ಕ ಸರ್ವರು ಎದ್ದು, ಲೋಕಲ್‌ಹೋಸ್ಟ್ ಎಂಬ ಸ್ವಗೃಹದ ವಿಳಾಸದಲ್ಲಿ, ವೀಟ್ ಸಾಧನವಾದರೆ ಸಾಮಾನ್ಯವಾಗಿ ೫೧೭೩ ಎಂಬ ಸಂಖ್ಯೆಯ ಪೋರ್ಟಿನಲ್ಲಿ, ಮುಖಭಾಗವನ್ನು ಬಡಿಸುತ್ತದೆ. ಎಲೆಕ್ಟ್ರಾನಿನ ಅಥವಾ ಟೌರಿಯ ಕಿಟಕಿಯು ಆ ವಿಳಾಸವನ್ನು ತೆರೆದು ತೋರಿಸುವುದು. ಶಿಲ್ಪಿಯು ಒಂದು ಸಾಲನ್ನು ತಿದ್ದಿದರೆ, ಕಿಟಕಿಯನ್ನು ಮುಚ್ಚಿ ತೆರೆಯದೆಯೇ ತಿದ್ದುಪಡಿಯು ಕ್ಷಣಾರ್ಧದಲ್ಲಿ ಕಾಣಿಸುತ್ತದೆ. ಆದರೆ ಈ ಅನುಕೂಲವು ರಂಗಕ್ಕೆ ಮಾತ್ರ. ನೇಪಥ್ಯದಲ್ಲಿ ತಿದ್ದಿದರೆ ಪರಿಚಾರಕನನ್ನು ನಿಲ್ಲಿಸಿ ಮತ್ತೆ ಎಬ್ಬಿಸಬೇಕಾಗುವುದು. ಟೌರಿಯಲ್ಲಿ ರಸ್ಟ್ ಬರೆಹವನ್ನು ಹೊಸದಾಗಿ ಯಂತ್ರರೂಪಕ್ಕೆ ತರಬೇಕಾಗುವುದರಿಂದ ವಿಳಂಬವೂ ಹೆಚ್ಚು.

ಪ್ರಯೋಗಕಾಲದಲ್ಲಿ ಸರ್ವರೂ ಇಲ್ಲ, ಪೋರ್ಟೂ ಇಲ್ಲ. ನಿರ್ಮಾಣದಿಂದ ದೊರೆತ ಚೀಲದೊಳಗಿನ ಕಡತವನ್ನೇ ಕಿಟಕಿಯು ತೆರೆಯುತ್ತದೆ. ಈ ಭೇದವನ್ನು ಮರೆತರೆ ಆಗುವ ದೋಷಗಳಲ್ಲಿ ಎರಡು ಪ್ರಸಿದ್ಧವಾಗಿವೆ. ಮೊದಲನೆಯದು ಮಾರ್ಗದೋಷ: ಓರೆಗೆರೆಯಿಂದ ಮೊದಲಾಗುವ ವಿಳಾಸವು ಸರ್ವರಿನಲ್ಲಿ ಮುಖಭಾಗದ ಮೂಲಸ್ಥಾನವನ್ನು ಹೇಳುತ್ತದೆ, ಕಡತವನ್ನೇ ತೆರೆದಾಗಲಾದರೋ ಅದೇ ಗೆರೆಯು ಇಡೀ ಗಣಕಯಂತ್ರದ ಕಡತವ್ಯವಸ್ಥೆಯ ಮೂಲವನ್ನು ಹೇಳುತ್ತದೆ. ಆಗ ಜಾವಾಸ್ಕ್ರಿಪ್ಟು ದೊರೆಯದೆ ಎಲೆಕ್ಟ್ರಾನಿನ ಕಿಟಕಿಯು ಬರಿದಾಗಿ ಬೆಳ್ಳಗೆ ತೋರುವುದು. ನಿರ್ಮಾಣಸಾಧನಕ್ಕೆ ಸಾಪೇಕ್ಷ ವಿಳಾಸಗಳನ್ನು ರಚಿಸುವಂತೆ ಹೇಳುವುದೇ ಇದಕ್ಕೆ ಮದ್ದು. ಎರಡನೆಯದು ಆಶ್ರಯದೋಷ: ಅಭ್ಯಾಸಕಾಲದಲ್ಲಿ ಅಂತರ್ಜಾಲದಿಂದ ಬರುತ್ತಿದ್ದ ಅಕ್ಷರವಿನ್ಯಾಸವು, ಜಾಲವಿಲ್ಲದ ಗ್ರಂಥಾಲಯದ ಕೊಠಡಿಯಲ್ಲಿ ಬಾರದೆ ಹೋಗಿ, ಪಾಠವೇ ವಿಕೃತವಾಗಿ ಕಾಣುವುದು. ಆದುದರಿಂದ ಅಭ್ಯಾಸದಲ್ಲಿ ನಡೆಯಿತೆಂಬುದು ಪ್ರಯೋಗದಲ್ಲಿ ನಡೆಯುವುದೆಂಬುದಕ್ಕೆ ಪ್ರಮಾಣವಲ್ಲ. ಸಿದ್ಧವಾದ ತಂತ್ರಾಂಶವನ್ನು, ಶಿಲ್ಪಿಯದಲ್ಲದ ಬೇರೊಂದು ಗಣಕಯಂತ್ರದಲ್ಲಿ, ಜಾಲವನ್ನು ಕಡಿದು, ಒಮ್ಮೆ ನಡೆಯಿಸಿ ನೋಡುವುದೇ ಪರೀಕ್ಷೆ.

೬. ಬಾಗಿಲಿನ ರಕ್ಷಣೆ

ರಂಗಕ್ಕೂ ನೇಪಥ್ಯಕ್ಕೂ ನಡುವೆ ಸಂದೇಶಗಳು ಹೋಗಿಬರುವ ಬಾಗಿಲೊಂದಿರಲೇಬೇಕು. ಅದು ಎಷ್ಟು ಅಗಲವಾಗಿರಬೇಕೆಂಬುದೇ ಈ ಶಿಲ್ಪದಲ್ಲಿ ಅತ್ಯಂತ ಗುರುತರವಾದ ಪ್ರಶ್ನೆ. ಮೊದಮೊದಲು ಎಲೆಕ್ಟ್ರಾನಿನಲ್ಲಿ ಮುಖಭಾಗದ ಜಾವಾಸ್ಕ್ರಿಪ್ಟಿಗೆ ಪರಿಚಾರಕನ ಅಧಿಕಾರವೆಲ್ಲವೂ ತಾನಾಗಿಯೇ ದೊರೆಯುತ್ತಿದ್ದಿತು. ಬರೆಯುವವರಿಗೆ ಇದು ಸುಲಭ. ಆದರೆ ಅಪಾಯವು ಹೀಗೆ. ಪಾಠಾಂತರಗಳ ತಂತ್ರಾಂಶಕ್ಕೆ ಮತ್ತೊಬ್ಬ ವಿದ್ವಾಂಸರು ಕಳುಹಿಸಿದ ಟಿಪ್ಪಣಿಯೊಂದನ್ನು ಸೇರಿಸಿದಾಗ, ಮುಖಭಾಗವು ಅದನ್ನು ಕೇವಲ ಅಕ್ಷರಗಳೆಂದು ತೋರಿಸದೆ ಎಚ್.ಟಿ.ಎಂ.ಎಲ್. ಎಂದು ಅರ್ಥಮಾಡಿಕೊಂಡರೆ, ಟಿಪ್ಪಣಿಯಲ್ಲಿ ಯಾರಾದರೂ ಅಡಗಿಸಿದ್ದ ಆಜ್ಞೆಯು ಪುಟದ ಅಂಗವಾಗಿ ನಡೆಯತೊಡಗುವುದು. ಬ್ರೌಸರಿನಲ್ಲಾದರೆ ಅದರ ಕೈ ಪುಟದೊಳಗೆ ನಿಲ್ಲುತ್ತಿತ್ತು. ಇಲ್ಲಿ ಅದು ಉಗ್ರಾಣದವರೆಗೂ ಚಾಚುವುದು. ೨೦೧೮ರ ಮೇ ತಿಂಗಳಿನಲ್ಲಿ, ಎಲೆಕ್ಟ್ರಾನಿನಿಂದ ಕಟ್ಟಿದ ಸಿಗ್ನಲ್ ಎಂಬ ಸಂದೇಶತಂತ್ರಾಂಶದ ಡೆಸ್ಕ್‌ಟಾಪ್ ರೂಪದಲ್ಲಿ ಇದೇ ಜಾತಿಯ ದೋಷವೊಂದು ಕಂಡುಬಂದು, ಬಂದ ಸಂದೇಶದೊಳಗಿನ ಎಚ್.ಟಿ.ಎಂ.ಎಲ್. ಗುರುತುಗಳು ಪುಟದಲ್ಲಿ ಸಾಕಾರವಾಗುತ್ತಿದ್ದುವು. ಅದನ್ನು ಶೀಘ್ರವಾಗಿ ತಿದ್ದಿದರು. ರಹಸ್ಯರಕ್ಷಣೆಗಾಗಿಯೇ ಕಟ್ಟಿದ ತಂತ್ರಾಂಶದಲ್ಲಿಯೂ ಹೀಗಾಗಬಹುದಾದರೆ, ಇತರವುಗಳ ವಿಷಯದಲ್ಲಿ ಹೇಳಬೇಕಾದುದಿಲ್ಲ.

ಎಲೆಕ್ಟ್ರಾನಿನವರು ಬಾಗಿಲನ್ನು ಕ್ರಮವಾಗಿ ಕಿರಿದು ಮಾಡುತ್ತ ಬಂದರು. ೨೦೧೯ರ ಐದನೆಯ ಆವೃತ್ತಿಯಿಂದ ಮುಖಭಾಗಕ್ಕೆ ನೋಡಿನ ಅಧಿಕಾರವು ತಾನಾಗಿ ದೊರೆಯದಂತಾಯಿತು. ೨೦೨೧ರ ಹನ್ನೆರಡನೆಯದರಿಂದ ಪುಟದ ಬರೆಹವೂ ನಡುವಣ ದೂತನ ಬರೆಹವೂ ಬೇರೆ ಬೇರೆ ಪರಿಸರದಲ್ಲಿ ನಿಂತುವು. ೨೦೨೨ರ ಇಪ್ಪತ್ತನೆಯದರಿಂದ ಮುಖಭಾಗವು ಕಟ್ಟುನಿಟ್ಟಾದ ಆವರಣದೊಳಗೆ ನಡೆಯುವುದೇ ಸಾಮಾನ್ಯ ನಿಯಮವಾಯಿತು. ಟೌರಿಯ ಎರಡನೆಯ ಆವೃತ್ತಿಯಲ್ಲಿ, ಯಾವ ಕಿಟಕಿಗೆ ಯಾವ ಅಧಿಕಾರವೆಂಬುದನ್ನು ಒಂದು ಕಡತದಲ್ಲಿ ಪಟ್ಟಿಮಾಡಿ ಕೊಡಬೇಕಾಗಿದೆ. ಆದರೂ ನಿಯಮವನ್ನು ಸಡಿಲಿಸುವ ಸ್ವಾತಂತ್ರ್ಯವು ಶಿಲ್ಪಿಗೆ ಉಳಿದೇ ಇದೆ. ಆದಕಾರಣ ಒಳ್ಳೆಯ ಶಿಲ್ಪಿಯು ಬಾಗಿಲಿನಲ್ಲಿ ‘ಬೇಕಾದ ಕಡತವನ್ನು ಬರೆ’ ಎಂಬ ವ್ಯಾಪಕವಾದ ಆಜ್ಞೆಯನ್ನು ಇಡದೆ, ‘ಈಗ ತೆರೆದಿರುವ ಸಂಪಾದನೆಯನ್ನು ಉಳಿಸು’ ಎಂಬ ಸಂಕುಚಿತವಾದ ಆಜ್ಞೆಯನ್ನು ಮಾತ್ರ ಇಡುತ್ತಾನೆ. ಅದನ್ನೂ ನೇಪಥ್ಯದಲ್ಲಿ ಮತ್ತೆ ಪರೀಕ್ಷಿಸುತ್ತಾನೆ. ರಂಗದಿಂದ ಬಂದ ಮಾತೆಂಬುದರಿಂದಲೇ ಅದು ವಿಶ್ವಾಸಾರ್ಹವಾಗದು.

೭. ಕನ್ನಡಪಾಠದ ವಿಷಯ

ಇದುವರೆಗೆ ಹೇಳಿದುದು ಸರ್ವಭಾಷಾಸಾಧಾರಣ. ಕನ್ನಡದ ಪಾಠವನ್ನು ಈ ಬಗೆಯ ಮುಖಭಾಗದಲ್ಲಿ ತೋರಿಸುವಾಗ ಮೂರು ವಿಶೇಷಗಳನ್ನು ಗಮನಿಸತಕ್ಕದ್ದು.

ಒಂದನೆಯದು ಲಿಪಿಯ ರೂಪ. ಯೂನಿಕೋಡಿನಲ್ಲಿ ಒತ್ತಕ್ಷರಗಳಿಗೆ ಪ್ರತ್ಯೇಕ ಸಂಕೇತಗಳಿಲ್ಲ. ಕ್ಷ ಎಂಬುದು ಕಕಾರ, ಹಲಂತಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳ ಸಾಲು. ಅದನ್ನು ಒಂದಕ್ಷರವಾಗಿ ಬರೆದು ತೋರಿಸುವುದು ಬ್ರೌಸರ್ ಯಂತ್ರದ ಮತ್ತು ಅಕ್ಷರವಿನ್ಯಾಸದ ಕಾರ್ಯ. ಎಲೆಕ್ಟ್ರಾನಿನಲ್ಲಿ ಯಂತ್ರವು ಜೊತೆಯಲ್ಲಿಯೇ ಬರುವುದರಿಂದ ಎಲ್ಲ ವ್ಯವಸ್ಥೆಗಳಲ್ಲಿಯೂ ಈ ಕಾರ್ಯವು ಒಂದೇ ರೀತಿ ನಡೆಯುವುದೆಂದು ನಂಬಬಹುದು. ಟೌರಿಯಲ್ಲಿ ವ್ಯವಸ್ಥೆಗೊಂದು ಯಂತ್ರವಿರುವುದರಿಂದ ಪ್ರತಿಯೊಂದರಲ್ಲಿಯೂ ಪರೀಕ್ಷಿಸಬೇಕು. ಅಕ್ಷರವಿನ್ಯಾಸವನ್ನಂತೂ ಎರಡು ಮಾರ್ಗಗಳಲ್ಲಿಯೂ ತಂತ್ರಾಂಶದೊಡನೆಯೇ ಕಟ್ಟಿಕೊಡುವುದು ಕ್ಷೇಮ. ಹಳಗನ್ನಡದ ಸಂಪಾದಕರಿಗೆ ಇದು ಅತ್ಯಾವಶ್ಯಕ. ಱಕಾರ, ೞಕಾರಗಳು ಯೂನಿಕೋಡಿನಲ್ಲಿವೆ. ೞಕಾರಕ್ಕೆ ಅಲ್ಲಿ ತಪ್ಪಾಗಿ ಫ ಎಂಬ ಹೆಸರು ಬಿದ್ದು, ಹೆಸರುಗಳನ್ನು ಬದಲಿಸಬಾರದೆಂಬ ನಿಯಮದಿಂದ ಆ ಹೆಸರೇ ಉಳಿದು, ತಿದ್ದುಪಡಿಯನ್ನು ಪರ್ಯಾಯನಾಮವಾಗಿ ದಾಖಲೆಮಾಡಿದ್ದಾರೆ. ನಕಾರಪೊಲ್ಲು ಎಂಬ ಪ್ರಾಚೀನ ಚಿಹ್ನೆಯು ೨೦೨೧ರ ಹದಿನಾಲ್ಕನೆಯ ಆವೃತ್ತಿಯಲ್ಲಿ ಮಾತ್ರ ಸೇರಿತು. ಅದಕ್ಕೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಅದರ ಸ್ಥಾನದಲ್ಲಿ ಬರಿಯ ಚೌಕವು ಕಂಡೀತು.

ಎರಡನೆಯದು ಎಣಿಕೆ. ಜಾವಾಸ್ಕ್ರಿಪ್ಟು ವಾಕ್ಯದ ಉದ್ದವನ್ನು ಸಂಕೇತಗಳ ಲೆಕ್ಕದಿಂದ ಹೇಳುತ್ತದೆ. ಅದಕ್ಕೆ ಕ್ಷ ಎಂಬುದರ ಉದ್ದವು ಮೂರು. ಪಾಠವನ್ನು ಇಷ್ಟು ಉದ್ದಕ್ಕೆ ಕತ್ತರಿಸೆಂದು ಹೇಳಿದರೆ ಅಕ್ಷರದ ನಡುವೆಯೇ ಕತ್ತರಿಯು ಬೀಳಬಹುದು. ಛಂದಸ್ಸಿನ ಗಣವಿಭಾಗವನ್ನು ಮಾಡುವ ತಂತ್ರಾಂಶಕ್ಕೆ ಈ ಎಣಿಕೆಯು ಸರ್ವಥಾ ಅನರ್ಹ. ಅಕ್ಷರವಿಭಾಗದ ನಿಯಮವನ್ನು ಪ್ರತ್ಯೇಕವಾಗಿ ಬರೆಯಬೇಕು.

ಮೂರನೆಯದು ಅಕಾರಾದಿಕ್ರಮ. ಯೂನಿಕೋಡಿನಲ್ಲಿ ಳಕಾರವು ಲಕಾರದ ಮಗ್ಗುಲಲ್ಲಿದೆ. ಕನ್ನಡದ ವರ್ಣಮಾಲೆಯಲ್ಲಿ ಅದು ಹಕಾರದ ಅನಂತರದ್ದು. ಜಾವಾಸ್ಕ್ರಿಪ್ಟಿನ ಸಾಮಾನ್ಯ ವಿಂಗಡಣೆಯು ಸಂಕೇತಗಳ ಸಂಖ್ಯೆಯನ್ನೇ ಅನುಸರಿಸುವುದರಿಂದ, ಕೋಶದಲ್ಲಿ ಕವಿ, ಕಹಿ, ಕಳೆ ಎಂದು ಬರತಕ್ಕ ಪದಗಳು ಕಳೆ, ಕವಿ, ಕಹಿ ಎಂದು ತಿರುಗುಮುರುಗಾಗುವುವು. ಭಾಷೆಯ ಹೆಸರನ್ನು ಹೇಳಿ ವಿಂಗಡಿಸುವ ಇಂಟ್ಲ್ ಕೊಲೇಟರ್ ಎಂಬ ಸಾಧನವು ಅದರಲ್ಲಿಯೇ ಇದೆ. ಅದನ್ನು ಪ್ರಯೋಗಿಸಿ, ಫಲವನ್ನು ವರ್ಣಮಾಲೆಯೊಡನೆ ಹೋಲಿಸಿ ನೋಡತಕ್ಕದ್ದು. ಪದಸೂಚಿಯು ಅಚ್ಚಾದಮೇಲೆ ಈ ದೋಷವು ಕಣ್ಣಿಗೆ ಬಿದ್ದರೆ ಪ್ರಯೋಜನವಿಲ್ಲ.

೮. ಉಪಸಂಹಾರ

ಮುಖಭಾಗವು ಸ್ವಭಾವದಿಂದಲೇ ಅಲ್ಪಾಯುವಾದುದು. ಅದು ಆಶ್ರಯಿಸಿರುವ ಬ್ರೌಸರ್ ಯಂತ್ರವು ಸದಾ ಬದಲಾಗುತ್ತಿರುತ್ತದೆ. ೨೦೨೧ರಲ್ಲಿ ಎಲೆಕ್ಟ್ರಾನಿನವರು ಎಂಟು ವಾರಗಳಿಗೊಂದು ಮುಖ್ಯ ಆವೃತ್ತಿಯೆಂಬ ಕ್ರಮಕ್ಕೆ ಬಂದರು. ಹೊಸ ಆವೃತ್ತಿಯಿಂದ ಮತ್ತೆ ಕಟ್ಟದೆ ಬಿಟ್ಟ ತಂತ್ರಾಂಶದಲ್ಲಿ, ಬೇರೆಡೆ ಮುಚ್ಚಿದ ರಂಧ್ರಗಳು ತೆರೆದೇ ಇರುವುವು. ಆದುದರಿಂದ ಸಂಸ್ಥೆಯೊಂದು ಕೋಶಕ್ಕಾಗಿಯೋ ಗ್ರಂಥಸಂಪಾದನೆಗಾಗಿಯೋ ಇಂತಹ ತಂತ್ರಾಂಶವನ್ನು ಕಟ್ಟಿಸುವಾಗ, ಒಮ್ಮೆ ಕಟ್ಟುವ ವೆಚ್ಚವನ್ನು ಮಾತ್ರ ಎಣಿಸದೆ, ವರ್ಷವರ್ಷವೂ ಪುನರ್ನಿರ್ಮಾಣಮಾಡುವ ವೆಚ್ಚವನ್ನೂ ಎಣಿಸತಕ್ಕದ್ದು. ಮೂಲಬರೆಹವನ್ನೂ ಲಾಕ್ ಕಡತವನ್ನೂ ನಿರ್ಮಾಣದ ಆಜ್ಞೆಗಳನ್ನೂ ಸಿದ್ಧತಂತ್ರಾಂಶದೊಡನೆ ಕೇಳಿ ಪಡೆಯತಕ್ಕದ್ದು. ಇವಿಲ್ಲದಿದ್ದರೆ ಮುಂದೆ ಮತ್ತೊಬ್ಬ ಶಿಲ್ಪಿಯು ಅದನ್ನು ತಿದ್ದಲಾರನು.

ಎಲ್ಲಕ್ಕಿಂತ ಮುಖ್ಯವಾಗಿ, ಪಾಠವು ನೇಪಥ್ಯದಲ್ಲಿ ಯಾವ ರೂಪದಿಂದ ಉಳಿಯುವುದೆಂದು ವಿಚಾರಿಸಬೇಕು. ಎಲೆಕ್ಟ್ರಾನ್ ಯಾವುದಕ್ಕಾಗಿ ಹುಟ್ಟಿತೋ ಆ ಆಟಮ್ ತಂತ್ರಾಂಶದ ಪಾಲನೆಯನ್ನು ೨೦೨೨ರ ಡಿಸೆಂಬರ್ ೧೫ರಂದು ನಿಲ್ಲಿಸಿಬಿಟ್ಟರು. ಅದರಲ್ಲಿ ಬರೆಯುತ್ತಿದ್ದವರು ತಮ್ಮ ಬರೆಹವನ್ನು ಕಳೆದುಕೊಳ್ಳಲಿಲ್ಲ. ಏಕೆಂದರೆ ಅದು ಉಳಿಸುತ್ತಿದ್ದುದು ಯಾವ ತಂತ್ರಾಂಶದಿಂದಲೂ ತೆರೆಯಬಹುದಾದ ಸಾದಾ ಅಕ್ಷರಗಳ ಕಡತಗಳನ್ನು. ಪಾಠಾಂತರಗಳ ತಂತ್ರಾಂಶವೂ ಸಂಪಾದಿತ ಗ್ರಂಥವನ್ನು ಅಂತಹ ಕಡತಗಳಲ್ಲಿ ಉಳಿಸುವುದಾದರೆ, ಅದರ ಮುಖಭಾಗವನ್ನು ಹತ್ತು ಸಾರಿ ಒಡೆದು ಕಟ್ಟಿದರೂ ಗ್ರಂಥಕ್ಕೆ ಹಾನಿಯಿಲ್ಲ.